ಗೇರ್‌ಬಾಕ್ಸೇ ಹೋಗಿದೆ ಅಂದ್ರು: ಆಟೊಮ್ಯಾಟಿಕ್ ಕಾರು ನಡುಗಿದರೆ ಮೊದಲು ಏನು ನೋಡಬೇಕು?

ಇವತ್ತು ನನ್ನದೇ ಕಾರಿನ ಕಥೆ. ಕಳೆದ ವರ್ಷ ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ತಗೊಂಡೆ. ಬೆಂಗಳೂರು ಟ್ರಾಫಿಕ್‌ನಲ್ಲಿ ಕ್ಲಚ್ ತುಳಿದು ತುಳಿದು ಎಡಗಾಲು ಸೋತುಹೋಗಿತ್ತು, ಅಷ್ಟೇ ಕಾರಣ. ಸಿಟಿಯೊಳಗೆ ಒಂದು ಚೂರೂ ತಕರಾರಿಲ್ಲ. ಒಂದು ಭಾನುವಾರ ತುಮಕೂರಿಗೆ ಹೊರಟೆ. ನೆಲಮಂಗಲ ದಾಟಿ 70ರ ವೇಗದಲ್ಲಿ ಆರಾಮಾಗಿ ಹೋಗ್ತಿದ್ದಾಗ ಇಡೀ ಕಾರು ದಡದಡ ಅಂತ ನಡುಗಿತು. ಟೋಲ್‌ಗೆ ಮುಂಚೆ ರಸ್ತೆಗೆ ಅಡ್ಡಲಾಗಿ ಉಬ್ಬುಪಟ್ಟಿ ಹಾಕಿರ್ತಾರಲ್ಲ, ಅದರ ಮೇಲೆ ಹೋದ ಹಾಗೆ. ಎರಡು ಮೂರು ಸೆಕೆಂಡು, ಆಮೇಲೆ ಏನೂ ಆಗದ ಹಾಗೆ ಸುಮ್ಮನಾಯಿತು.

ಮೊದಲು ತೋರಿಸಿದ ಗ್ಯಾರೇಜ್‌ನವರು ಐದು ನಿಮಿಷ ಓಡಿಸಿ, 'ಗೇರ್‌ಬಾಕ್ಸ್ ಹೋಗಿದೆ ಸಾರ್, 1 ಲಕ್ಷ 40 ಸಾವಿರ ಆಗುತ್ತೆ' ಅಂದರು. ಕಾರಿನ ಸಾಲವೇ ಇನ್ನೂ ಮೂರು ವರ್ಷ ಬಾಕಿ ಇತ್ತು!

ಜೆ.ಸಿ. ರಸ್ತೆ ಕಡೆ ಒಬ್ಬರು ಹಳೇ ಮೆಕ್ಯಾನಿಕ್ ಇದ್ದಾರೆ ಅಂತ ಗೆಳೆಯ ಹೇಳಿದ. ಅವರು ಬಾನೆಟ್ ತೆಗೆಯಲೇ ಇಲ್ಲ. 'ನೋಡಪ್ಪ, ಯಾವಾಗ ನಡುಗುತ್ತೆ ಅಂತ ಮೊದಲು ಹೇಳು' ಅಂದರು.

ಆ ಪ್ರಶ್ನೆ ಯಾಕೆ ಮುಖ್ಯ ಅಂತ ಗೊತ್ತಾಗಬೇಕಾದರೆ ಟಾರ್ಕ್ ಕನ್ವರ್ಟರ್ ಅಂದರೇನು ಅಂತ ಗೊತ್ತಿರಬೇಕು. ಬಕೆಟ್ ನೀರಿನಲ್ಲಿ ಕೈ ಹಾಕಿ ಗಿರ್ರನೆ ತಿರುಗಿಸಿ, ಮೇಲೆ ತೇಲೋ ಚೊಂಬೂ ತಿರುಗುತ್ತೆ. ಕೈಗೂ ಚೊಂಬಿಗೂ ಮಧ್ಯೆ ಇರೋದು ನೀರು ಮಾತ್ರ. ಹಾಗೇ ಎಂಜಿನ್ ಒಂದು ರೆಕ್ಕೆಚಕ್ರ ತಿರುಗಿಸುತ್ತೆ, ಎಣ್ಣೆ ಚಿಮ್ಮಿ ಎದುರಿನ ಚಕ್ರವನ್ನ ತಿರುಗಿಸುತ್ತೆ, ಅದು ಗೇರ್‌ಬಾಕ್ಸ್‌ಗೆ ಸೇರಿದ್ದು. ಮಧ್ಯದಲ್ಲಿ ಸ್ಟೇಟರ್ ಅಂತ ಇನ್ನೊಂದು ಚಕ್ರ ಇದ್ದು, ಹೊರಡುವಾಗ ಎಳೆತವನ್ನ ಸುಮಾರು ಎರಡು ಪಟ್ಟು ಹೆಚ್ಚಿಸುತ್ತೆ. ಸಿಗ್ನಲ್‌ನಲ್ಲಿ ಗೇರ್‌ನಲ್ಲೇ ನಿಂತರೂ ಎಂಜಿನ್ ಆಫ್ ಆಗದಿರೋದು ಇದರಿಂದ.

ಎಣ್ಣೆಯ ಮೂಲಕ ಹೋದರೆ ಸ್ವಲ್ಪ ಶಕ್ತಿ ಸೋರಿಹೋಗುತ್ತೆ. ಅದಕ್ಕೇ ಒಂದೇ ವೇಗದಲ್ಲಿ ಸಾಗುವಾಗ ಒಳಗಿರೋ ಲಾಕ್‌ಅಪ್ ಕ್ಲಚ್ ಎರಡೂ ಕಡೆಯನ್ನ ಬಿಗಿಯಾಗಿ ಹಿಡಿದುಬಿಡುತ್ತೆ. ಆ ಕ್ಲಚ್ ಸವೆದಿದ್ದರೆ ಅಥವಾ ಎಣ್ಣೆ ಹಳಸಿದ್ದರೆ ಹಿಡಿಯುತ್ತೆ, ಜಾರುತ್ತೆ, ಹಿಡಿಯುತ್ತೆ, ಜಾರುತ್ತೆ. ನನ್ನ ಕಾರಿನ ದಡದಡ ಅದೇ!

ಅವರು ಪಕ್ಕದಲ್ಲಿ ಕೂತು ಹೊರವಲಯದ ರಸ್ತೆಗೆ ಕರ್ಕೊಂಡು ಹೋದರು. ಹಿಂದೆ ಯಾವ ಗಾಡಿಯೂ ಇಲ್ಲ ಅಂತ ನೋಡಿಕೊಂಡು, ನಡುಕ ಶುರುವಾದ ತಕ್ಷಣ ಆಕ್ಸಿಲರೇಟರ್ ಹಾಗೇ ಹಿಡಿದು, ಎಡಗಾಲಿನಿಂದ ಬ್ರೇಕ್ ಪೆಡಲ್ ಸುಮ್ನೆ ಮುಟ್ಟು ಅಂದರು. ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ, ಗಾಡಿ ನಿಧಾನವಾಗುವಷ್ಟಲ್ಲ. ಬ್ರೇಕ್ ಮುಟ್ಟಿದರೆ ಕಂಪ್ಯೂಟರ್ ಲಾಕ್‌ಅಪ್ ಬಿಡಿಸುತ್ತೆ. ಮುಟ್ಟಿದೆ, ನಡುಕ ಮಾಯ. ಬಿಟ್ಟೆ, ಸ್ವಲ್ಪ ಹೊತ್ತಿಗೆ ಮತ್ತೆ ಬಂತು. (ಕೆಲವು ಹೊಸ ಕಾರುಗಳಲ್ಲಿ ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಎಂಜಿನ್ ಶಕ್ತಿಯೇ ಕಡಿತವಾಗುತ್ತೆ, ಅಲ್ಲಿ ಈ ಉಪಾಯ ನಡೆಯಲ್ಲ.)

ಎಂಜಿನ್ ಮಿಸ್‌ಫೈರ್ ಕೂಡ ಹೀಗೇ ನಡುಗಿಸಬಹುದು. ಆದರೆ ಅದು ಏರು ಹತ್ತುವಾಗ, ಜೋರಾಗಿ ಎಳೆಯುವಾಗ ಹೆಚ್ಚಾಗುತ್ತೆ. ಲಾಕ್‌ಅಪ್ ನಡುಕ ಹೆಚ್ಚಾಗಿ ಬರೋದು ಹಗುರವಾಗಿ ಓಡಿಸುವಾಗ.

ಆಮೇಲೆ ಸ್ಕ್ಯಾನರ್ ಹಾಕಿದರು. ಪಿ0741 ಅನ್ನೋ ಕೋಡ್ ಬಂತು, ಅಂದರೆ ಲಾಕ್‌ಅಪ್ ಕ್ಲಚ್ ಸರಿಯಾಗಿ ಹಿಡೀತಿಲ್ಲ. ಕೋಡ್ ನೋಡಿ ನೇರ ಕನ್ವರ್ಟರ್ ಬದಲಿಸೋದು ತಪ್ಪು ಅಂತ ಅವರ ವಾದ. ಒತ್ತಡ ಬಿಡೋ ಸೊಲೆನಾಯ್ಡ್, ವೈರಿಂಗ್, ವಾಲ್ವ್ ಬಾಡಿ, ಯಾವುದರಿಂದಲೂ ಅದೇ ಕೋಡ್ ಬರುತ್ತೆ. ಲಾಕ್ ಆದಾಗ ಎಂಜಿನ್ ವೇಗಕ್ಕೂ ಗೇರ್‌ಬಾಕ್ಸ್‌ಗೆ ಒಳಹೋಗುವ ವೇಗಕ್ಕೂ ಹೆಚ್ಚು ವ್ಯತ್ಯಾಸ ಇರಬಾರದು. ನನ್ನದರಲ್ಲಿ ಅದು ಒಂದೇ ಸಮನೆ ಏರಿಳೀತಿತ್ತು. ಆನ್‌ಲೈನ್‌ನಲ್ಲಿ ಸಿಗೋ ಅಗ್ಗದ ಬ್ಲೂಟೂತ್ ಅಡಾಪ್ಟರ್‌ಗಳು ಎಷ್ಟೋ ಸಲ ಎಂಜಿನ್ ಕೋಡ್ ಮಾತ್ರ ಓದುತ್ತವೆ, ಗೇರ್‌ಬಾಕ್ಸ್ ಲೆಕ್ಕ ತೋರಿಸಲ್ಲ.

ಬೇರೆ ತೊಂದರೆಗಳ ಲಕ್ಷಣವೇ ಬೇರೆ. ನಿಲ್ಲಿಸುವಾಗ ಎಂಜಿನ್ ಆಫ್ ಆದರೆ ಲಾಕ್‌ಅಪ್ ಬಿಡಿಸಿಕೊಳ್ತಿಲ್ಲ ಅನ್ನೋ ಅನುಮಾನ. ಹೊರಡುವಾಗ ಸತ್ತಂತಿದ್ದು, ವೇಗ ಹಿಡಿದ ಮೇಲೆ ಸರಿಹೋದರೆ ಸ್ಟೇಟರ್. ಬ್ರೇಕ್ ಒತ್ತಿ ಪೂರ್ತಿ ಆಕ್ಸಿಲರೇಟರ್ ಕೊಡೋ ಸ್ಟಾಲ್ ಟೆಸ್ಟ್ ವಿಡಿಯೋ ನೋಡಿ ನೀವೇ ಮಾಡೋಕೆ ಹೋಗ್ಬೇಡಿ, ಕೆಲವೇ ಸೆಕೆಂಡಿನಲ್ಲಿ ಎಣ್ಣೆ ಕಾದು ಕೆಂಡವಾಗುತ್ತೆ.

ಎಣ್ಣೆ ಇಳಿಸಿದಾಗ ಕೆಂಪಗಿರಬೇಕಾದ್ದು ಕಾಫಿ ಡಿಕಾಕ್ಷನ್ ಹಾಗಿತ್ತು. ಸುಟ್ಟ ವಾಸನೆ ಇರಲಿಲ್ಲ, ಲೋಹದ ಚೂರೂ ಇಲ್ಲ. 'ಹಾಗಾದ್ರೆ ಈಗಲೇ ಬಿಚ್ಚೋದು ಬೇಡ' ಅಂದರು. ಒಂದು ಸಲ ಇಳಿಸಿದರೆ ಹಳೇ ಎಣ್ಣೆ ಪೂರ್ತಿ ಬರಲ್ಲ, ಕನ್ವರ್ಟರ್‌ನಲ್ಲೇ ಬಹಳಷ್ಟು ಉಳಿಯುತ್ತೆ. ಅದಕ್ಕೆ ಕಂಪನಿ ಹೇಳಿದ ಎಣ್ಣೆಯನ್ನೇ ವಾರ ಬಿಟ್ಟು ವಾರ ಮೂರು ಸಲ ಬದಲಿಸಿದೆವು. ಒಟ್ಟು ಖರ್ಚು 17 ಸಾವಿರ.

ಈಗ ತುಮಕೂರಿಗೆ ನಾಲ್ಕು ಸಲ ಹೋಗಿಬಂದೆ. ಕೋಡ್ ಮತ್ತೆ ಬಂದಿಲ್ಲ. ಕಾರು ತುಂಬ ಹೊತ್ತು ಓಡಿ ಕಾದಾಗ ಎಲ್ಲೋ ಒಮ್ಮೊಮ್ಮೆ ಸಣ್ಣಗೆ ಕಂಪಿಸುತ್ತೆ. ಸವೆದ ಕ್ಲಚ್ ಎಣ್ಣೆಯಿಂದ ಹೊಸದಾಗಲ್ಲ, ಜಾಸ್ತಿಯಾದರೆ ಕನ್ವರ್ಟರ್ ಒಂದನ್ನ ಬದಲಿಸೋಣ ಅಂದಿದ್ದಾರೆ. ಅದಕ್ಕೆ ತಿಂಗಳಿಗಿಷ್ಟು ಅಂತ ಎತ್ತಿಡ್ತಿದೀನಿ.