ಎಂಟನೆಯ ತರಗತಿಯಲ್ಲಿ ಇಂಗ್ಲಿಷ್ ಭಾಷೆಯ ವಾರದ ಪಾಠ ಯೋಜನೆ: ಪೋಷಕರಿಗೆ ಮಾಹಿತಿ

1. ಪೀಠಿಕೆ

ಗಂಗಾನಗರ, ಹೆಬ್ಬಾಳ, ರವೀಂದ್ರನಾಥ ಟ್ಯಾಗೋರ್ ನಗರ ಹಾಗೂ ಸುತ್ತಮುತ್ತಲಿನ ಬಡಾವಣೆಗಳಲ್ಲಿ ವಾಸಿಸುವ, ತಮ್ಮ ಮಕ್ಕಳನ್ನು ಪ್ರೌಢಶಾಲೆಯ ಎಂಟನೆಯ ತರಗತಿಗೆ ಸೇರಿಸಲು ಅರ್ಜಿ ಸಲ್ಲಿಸುವ ಪೋಷಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಶಾಲೆಯಲ್ಲಿ ಇಂಗ್ಲಿಷ್ ಪಾಠಗಳನ್ನು ವಾರದ ಲೆಕ್ಕದಲ್ಲಿ ಹೇಗೆ ಯೋಜಿಸಲಾಗುತ್ತದೆ, ಆ ಯೋಜನೆಯಿಂದ ಮಗುವಿಗೆ ಆಗುವ ಪ್ರಯೋಜನವೇನು, ಈ ಬಗ್ಗೆ ಪೋಷಕರು ಏನನ್ನು ಕೇಳಿ ತಿಳಿಯಬಹುದು ಎಂಬ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಕರ್ನಾಟಕದಲ್ಲಿ ಸಾಮಾನ್ಯವಾಗಿ ಏಳನೆಯ ತರಗತಿಗೆ ಪ್ರಾಥಮಿಕ ಹಂತ ಮುಗಿದು, ಎಂಟನೆಯ ತರಗತಿಯಿಂದ ಪ್ರೌಢಶಾಲಾ ಹಂತ ಆರಂಭವಾಗುತ್ತದೆ. ಬಹುತೇಕ ಮಕ್ಕಳಿಗೆ ಇದು ಶಾಲೆ ಬದಲಾಗುವ ವರ್ಷ. ಒಂದೇ ಕೊಠಡಿಯಲ್ಲಿ ಬೇರೆ ಬೇರೆ ಶಾಲೆಗಳಿಂದ, ಬೇರೆ ಬೇರೆ ಮಾಧ್ಯಮಗಳಲ್ಲಿ ಓದಿ ಬಂದ ಮಕ್ಕಳು ಕೂಡುತ್ತಾರೆ. ಅವರ ಮನೆಗಳಲ್ಲಿ ಕನ್ನಡ, ಉರ್ದು, ತಮಿಳು ಅಥವಾ ತೆಲುಗು ಮಾತನಾಡುತ್ತಿರಬಹುದು. ಅವರಲ್ಲಿ ಯಾರಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಎಂಬುದು ಹೊಸ ಶಿಕ್ಷಕರಿಗೆ ಮೊದಲ ದಿನ ತಿಳಿದಿರುವುದಿಲ್ಲ.

2. ಹಿನ್ನೆಲೆ

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ನೇ ಸಾಲಿನಿಂದ ಇಂಗ್ಲಿಷನ್ನು ಒಂದನೆಯ ತರಗತಿಯಿಂದಲೇ ಒಂದು ಭಾಷಾ ವಿಷಯವಾಗಿ ಕಲಿಸಲಾಗುತ್ತಿದೆ. ಅದಕ್ಕೂ ಮೊದಲು ಐದನೆಯ ತರಗತಿಯಿಂದ ಕಲಿಸಲಾಗುತ್ತಿತ್ತು. ಆದ್ದರಿಂದ ಎಂಟನೆಯ ತರಗತಿಗೆ ಬರುವ ಮಗು ಏಳು ವರ್ಷ ಇಂಗ್ಲಿಷ್ ಓದಿರುತ್ತದೆ ಎಂಬುದು ಲೆಕ್ಕ. ಆದರೆ ವಾಸ್ತವದಲ್ಲಿ ಒಂದು ಮಗು ಪುಟವೊಂದನ್ನು ನಿರರ್ಗಳವಾಗಿ ಓದಿದರೆ, ಪಕ್ಕದಲ್ಲಿ ಕುಳಿತ ಮಗು ಅಕ್ಷರ ಕೂಡಿಸಿ ಓದುತ್ತಿರುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪ್ರಾಥಮಿಕ ತರಗತಿಗಳಲ್ಲಿದ್ದ ಮಕ್ಕಳೇ ಇಂದು ಪ್ರೌಢಶಾಲೆಯ ಹೊಸ್ತಿಲಿನಲ್ಲಿದ್ದಾರೆ. ಆ ಕಲಿಕಾ ಅಂತರವನ್ನು ತುಂಬಲು 2022-23ನೇ ಸಾಲಿನಲ್ಲಿ ರಾಜ್ಯದಲ್ಲಿ ‘ಕಲಿಕಾ ಚೇತರಿಕೆ’ ಕಾರ್ಯಕ್ರಮವನ್ನು ಕೈಗೊಳ್ಳಲಾಯಿತು. ಆದರೂ ಓದು ಮತ್ತು ಬರಹದಲ್ಲಿ ಹಿಂದೆ ಉಳಿದ ಮಗುವಿಗೆ ಎಂಟನೆಯ ತರಗತಿಯು ಬಹು ಮುಖ್ಯ ಅವಕಾಶವಾಗಿರುತ್ತದೆ. ಇಲ್ಲಿ ಗಮನಿಸದೆ ಬಿಟ್ಟ ಕೊರತೆ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯ ವೇಳೆಗೆ ಇಂಗ್ಲಿಷ್ ವಿಷಯದ ಕೊರತೆಯಾಗಿ ಮಾತ್ರ ಉಳಿಯದೆ, ಮಗುವಿನ ಧೈರ್ಯವನ್ನೇ ಕುಂದಿಸುತ್ತದೆ.

ಈ ಕಾರಣಕ್ಕಾಗಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ‘ಸೇತುಬಂಧ’ ಕಾರ್ಯಕ್ರಮವನ್ನು ನಡೆಸಲಾಗುತ್ತದೆ. ಪೂರ್ವ ಪರೀಕ್ಷೆಯ ಮೂಲಕ ಹಿಂದಿನ ತರಗತಿಗಳ ಕಲಿಕೆಯನ್ನು ಅರಿತು, ಅಗತ್ಯ ಬೋಧನೆ ನೀಡಿ, ಸಾಫಲ್ಯ ಪರೀಕ್ಷೆ ಮಾಡುವುದು ಇದರ ಕ್ರಮ. ವಾರದ ಪಾಠ ಯೋಜನೆ ಆರಂಭವಾಗಬೇಕಾದುದು ಈ ಫಲಿತಾಂಶದಿಂದಲೇ.

3. ವಾರವನ್ನೇ ಏಕೆ ಆಧಾರವಾಗಿ ಇಟ್ಟುಕೊಳ್ಳಬೇಕು?

ಶಾಲೆಗಳಲ್ಲಿ ಇಡೀ ವರ್ಷದ ಪಾಠ ಹಂಚಿಕೆಯೂ ಇರುತ್ತದೆ, ದಿನದ ಪಾಠ ಟಿಪ್ಪಣಿಯೂ ಇರುತ್ತದೆ. ವರ್ಷದ ಹಂಚಿಕೆಯು ಯಾವ ತಿಂಗಳಲ್ಲಿ ಯಾವ ಪಾಠ ಎಂಬುದನ್ನು ತಿಳಿಸುತ್ತದೆ. ಆದರೆ ಕಳೆದ ವಾರ ಮಕ್ಕಳಿಗೆ ಏನು ಬರಲಿಲ್ಲ ಎಂಬುದು ಅದರಲ್ಲಿ ಇರಲು ಸಾಧ್ಯವಿಲ್ಲ. ದಿನದ ಟಿಪ್ಪಣಿಯು ಒಂದು ಅವಧಿಗೆ ಸೀಮಿತ. ಕೇಳುವುದು, ಮಾತನಾಡುವುದು, ಓದುವುದು ಮತ್ತು ಬರೆಯುವುದು ಎಂಬ ನಾಲ್ಕು ಕೌಶಲಗಳನ್ನು ಒಂದೇ ಅವಧಿಯಲ್ಲಿ ಸಾಧಿಸಲಾಗದು. ಒಂದು ವಾರದಲ್ಲಿ ನಾಲ್ಕಕ್ಕೂ ಎಡೆ ಸಿಗುತ್ತದೆ. ತಪ್ಪನ್ನು ಕಂಡು ತಿದ್ದಲು ಸಹ ಕಾಲಾವಕಾಶ ಉಳಿಯುತ್ತದೆ.

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯಂತೆ ಆರರಿಂದ ಎಂಟನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 220 ಕೆಲಸದ ದಿನಗಳು ಮತ್ತು 1000 ಬೋಧನಾ ಗಂಟೆಗಳು ಇರಬೇಕು. ವಾರಕ್ಕೆ ಆರು ದಿನಗಳಂತೆ 220 ದಿನಗಳು ಸುಮಾರು 36 ವಾರಗಳಾಗುತ್ತವೆ. ಉದಾಹರಣೆಗೆ, ವಾರಕ್ಕೆ 40 ನಿಮಿಷಗಳ ಐದು ಇಂಗ್ಲಿಷ್ ಅವಧಿಗಳಿದ್ದರೆ ವರ್ಷಕ್ಕೆ 180 ಅವಧಿಗಳು, ಅಂದರೆ 120 ಗಂಟೆಗಳು ದೊರೆಯುತ್ತವೆ. ಇದರಲ್ಲಿ ಪರೀಕ್ಷೆ, ಶಾಲಾ ಕಾರ್ಯಕ್ರಮ ಮತ್ತು ಅನಿರೀಕ್ಷಿತ ರಜೆಗಳನ್ನು ಕಳೆಯಬೇಕು. 2025ರ ಅಕ್ಟೋಬರ್‌ನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಕಾರಣ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ವಿಸ್ತರಿಸಿದುದನ್ನು ಇಲ್ಲಿ ನೆನೆಯಬಹುದು. ವಾರದ ಯೋಜನೆ ಇದ್ದಲ್ಲಿ ಕಳೆದುಹೋದ ಅವಧಿಗಳಲ್ಲಿ ಯಾವ ಕಲಿಕೆ ತಪ್ಪಿತು ಎಂಬುದು ತಿಳಿಯುತ್ತದೆ. ಇಲ್ಲವಾದಲ್ಲಿ ಪಾಠಗಳನ್ನು ಬೇಗ ಬೇಗ ಮುಗಿಸುವುದಷ್ಟೇ ಉಳಿಯುತ್ತದೆ.

4. ವಾರದ ಯೋಜನೆಯಲ್ಲಿ ಇರಬೇಕಾದ ಅಂಶಗಳು

ಉತ್ತಮ ಯೋಜನೆಯು ಒಂದು ಪುಟವನ್ನು ಮೀರಬೇಕಾಗಿಲ್ಲ. ಅದರಲ್ಲಿ ಈ ಕೆಳಕಂಡ ಅಂಶಗಳು ಇದ್ದರೆ ಸಾಕಾಗುತ್ತದೆ.

ಅ) ವಾರದ ಉದ್ದೇಶ. ವಾರದ ಕೊನೆಗೆ ವಿದ್ಯಾರ್ಥಿಯು ಏನನ್ನು ಮಾಡಬಲ್ಲನು ಅಥವಾ ಮಾಡಬಲ್ಲಳು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ‘ಎರಡನೆಯ ಪಾಠ ಮುಗಿಸುವುದು’ ಎಂಬುದು ಶಿಕ್ಷಕರ ಕೆಲಸದ ವಿವರವೇ ಹೊರತು ಮಗುವಿನ ಕಲಿಕೆಯ ಉದ್ದೇಶವಾಗುವುದಿಲ್ಲ.

ಆ) ಹಿಂದಿನ ವಾರದ ಬಾಕಿ. ಯಾವ ಅಂಶ, ಎಷ್ಟು ಮಕ್ಕಳಿಗೆ ಬರಲಿಲ್ಲ ಎಂಬುದನ್ನು ನಮೂದಿಸಬೇಕು.

ಇ) ಪಠ್ಯ. ಪಠ್ಯಪುಸ್ತಕದ ಗದ್ಯ, ಪದ್ಯ ಅಥವಾ ಪೂರಕ ಪಾಠದ ನಿರ್ದಿಷ್ಟ ಭಾಗವನ್ನು ಹೆಸರಿಸಬೇಕು.

ಈ) ಹೊಸ ಪದಗಳು ಮತ್ತು ಒಂದು ವ್ಯಾಕರಣಾಂಶ. ಪದಗಳು ಎಂಟು ಅಥವಾ ಹತ್ತನ್ನು ಮೀರದಿದ್ದರೆ ಮರುಬಳಕೆಗೆ ಅವಕಾಶವಿರುತ್ತದೆ.

ಉ) ಮಕ್ಕಳು ತಾವೇ ಮಾತನಾಡುವ ಸಮಯ. 40 ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಮಾತನಾಡಿಸಿದರೆ ಪೂರ್ಣ ಅವಧಿಯಲ್ಲಿ ಪ್ರತಿ ಮಗುವಿಗೆ ಒಂದು ನಿಮಿಷ ಮಾತ್ರ ಸಿಗುತ್ತದೆ. ಇಬ್ಬಿಬ್ಬರ ಜೋಡಿ ಮಾಡಿದರೆ 20 ನಿಮಿಷಗಳಲ್ಲಿ ಪ್ರತಿ ಮಗುವೂ ಹತ್ತು ನಿಮಿಷ ಮಾತನಾಡಬಹುದು.

ಊ) ಪರಿಶೀಲನೆ. ವಾರದ ಕೊನೆಯಲ್ಲಿ ಉದ್ದೇಶ ಈಡೇರಿತೇ ಎಂದು ನೋಡುವ ವಿಧಾನವನ್ನು ಮೊದಲೇ ನಿಗದಿಪಡಿಸಿರಬೇಕು.

5. ಮಾದರಿ: ಗಂಗಾನಗರದ ಪರಿಸರಕ್ಕೆ ಹೊಂದುವ ಒಂದು ವಾರ

ಪಠ್ಯಪುಸ್ತಕದ ಭಾಷಾಂಶವನ್ನು ಮಗುವಿನ ನೆರೆಹೊರೆಗೆ ಜೋಡಿಸಿದಾಗ ಕಲಿಕೆ ಸುಲಭವಾಗುತ್ತದೆ. ಇಲ್ಲಿ ದಾರಿ ಹೇಳುವ ವಿಷಯವನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ವಾರದ ಉದ್ದೇಶ: ಶಾಲೆಯಿಂದ ಪರಿಚಿತ ಸ್ಥಳವೊಂದಕ್ಕೆ ಹೋಗುವ ದಾರಿಯನ್ನು ಪ್ರತಿ ವಿದ್ಯಾರ್ಥಿಯೂ ಐದು ಇಂಗ್ಲಿಷ್ ವಾಕ್ಯಗಳಲ್ಲಿ ಹೇಳುವುದು ಮತ್ತು ಬರೆಯುವುದು.

ಮೊದಲ ಅವಧಿ (ಕೇಳುವುದು): ಶಿಕ್ಷಕರು ಕಪ್ಪುಹಲಗೆಯ ಮೇಲೆ ಬಳ್ಳಾರಿ ರಸ್ತೆ, ಪಶುವೈದ್ಯಕೀಯ ಕಾಲೇಜು, ಹೆಬ್ಬಾಳದ ಮೇಲ್ಸೇತುವೆ ಮತ್ತು ಹೆಬ್ಬಾಳ ಕೆರೆಯನ್ನು ತೋರಿಸುವ ಸರಳ ನಕ್ಷೆಯನ್ನು ಬರೆದು, ಇಂಗ್ಲಿಷಿನಲ್ಲಿ ದಾರಿ ಹೇಳುತ್ತಾರೆ. ಮಕ್ಕಳು ಬೆರಳಿನಿಂದ ದಾರಿಯನ್ನು ಗುರುತಿಸುತ್ತಾರೆ. ಈ ದಿನ ಅವರು ಮಾತನಾಡಬೇಕೆಂಬ ಒತ್ತಾಯವಿಲ್ಲ.

ಎರಡನೆಯ ಅವಧಿ (ಓದುವುದು): ಪಠ್ಯಪುಸ್ತಕದಲ್ಲಿ ಸ್ಥಳವನ್ನು ವರ್ಣಿಸುವ ಒಂದು ಭಾಗವನ್ನು ಮೊದಲು ಮೌನವಾಗಿ, ಅನಂತರ ಗಟ್ಟಿಯಾಗಿ ಓದಿಸಲಾಗುತ್ತದೆ. ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಅದೇ ಭಾಗದ ಮೂರು ವಾಕ್ಯಗಳನ್ನು ಮಾತ್ರ ನೀಡಬಹುದು.

ಮೂರನೆಯ ಅವಧಿ (ಭಾಷಾಂಶ): ಕನ್ನಡದಲ್ಲಿ ‘ಕೆರೆಯ ಹತ್ತಿರ’, ‘ಗಂಗಾನಗರದಲ್ಲಿ’ ಎನ್ನುವಾಗ ಸಂಬಂಧ ಸೂಚಿಸುವ ಪದ ಅಥವಾ ಪ್ರತ್ಯಯ ನಾಮಪದದ ನಂತರ ಬರುತ್ತದೆ. ಉರ್ದು, ತಮಿಳು ಮತ್ತು ತೆಲುಗಿನಲ್ಲಿಯೂ ಹೀಗೆಯೇ. ಇಂಗ್ಲಿಷಿನಲ್ಲಿ ‘ನಿಯರ್ ದ ಲೇಕ್’, ‘ಇನ್ ಗಂಗಾನಗರ’ ಎಂದು ಅದು ಮೊದಲೇ ಬರುತ್ತದೆ. ‘ದ’ ಎಂಬ ಉಪಪದಕ್ಕೆ ಸಮಾನವಾದುದು ಈ ನಾಲ್ಕು ಭಾಷೆಗಳಲ್ಲಿ ಯಾವುದರಲ್ಲಿಯೂ ಇಲ್ಲ. ಆದ್ದರಿಂದ ಇಲ್ಲಿ ಮಕ್ಕಳು ಮಾಡುವ ತಪ್ಪು ಅಜಾಗರೂಕತೆಯಿಂದ ಆದುದಲ್ಲ, ಮನೆಮಾತಿನ ರಚನೆಯಿಂದ ಬಂದುದು. ಈ ವ್ಯತ್ಯಾಸವನ್ನು ಕನ್ನಡದಲ್ಲಿಯೇ ಎರಡು ನಿಮಿಷ ವಿವರಿಸಿದರೆ ಹಲವು ದಿನಗಳ ತಿದ್ದುಪಡಿ ಉಳಿಯುತ್ತದೆ.

ನಾಲ್ಕನೆಯ ಅವಧಿ (ಮಾತನಾಡುವುದು): ಜೋಡಿಗಳಲ್ಲಿ ಒಬ್ಬರು ದಾರಿ ಕೇಳುತ್ತಾರೆ, ಇನ್ನೊಬ್ಬರು ಹೇಳುತ್ತಾರೆ. ‘ಗೋ ಸ್ಟ್ರೇಟ್’, ‘ಟರ್ನ್ ಲೆಫ್ಟ್’ ಮುಂತಾದ ಪ್ರಯೋಗಗಳನ್ನು ಹಲಗೆಯ ಮೇಲೆ ಬರೆದಿಟ್ಟಿರಬೇಕು. ಮಾತಿನ ಮಧ್ಯೆ ತಡೆದು ತಿದ್ದದೆ, ಕೊನೆಯಲ್ಲಿ ಸಾಮಾನ್ಯ ತಪ್ಪುಗಳನ್ನು ಹೆಸರು ಹೇಳದೆ ಚರ್ಚಿಸುವುದು ಒಳಿತು.

ಐದನೆಯ ಅವಧಿ (ಬರೆಯುವುದು ಮತ್ತು ಪರಿಶೀಲನೆ): ಐದು ವಾಕ್ಯಗಳ ಬರವಣಿಗೆ, ಆರು ಪದಗಳ ಉಕ್ತಲೇಖನ. ಶಿಕ್ಷಕರು ಮೂರು ಗುಂಪುಗಳನ್ನು ಮಾತ್ರ ಗುರುತಿಸಿಕೊಂಡರೆ ಸಾಕು: ಸ್ವತಂತ್ರವಾಗಿ ಬರೆದವರು, ಸಹಾಯದಿಂದ ಬರೆದವರು, ಇನ್ನೂ ಬರೆಯಲಾಗದವರು. ಮೂರನೆಯ ಗುಂಪಿನ ಅಗತ್ಯವೇ ಮುಂದಿನ ವಾರದ ಯೋಜನೆಯ ಮೊದಲ ಸಾಲಾಗುತ್ತದೆ.

ಮುಂದಿನ ವಾರಗಳಲ್ಲಿ ಇದೇ ಕ್ರಮವನ್ನು ಬೇರೆ ವಿಷಯಗಳಿಗೆ ಅನ್ವಯಿಸಬಹುದು. ಉದಾಹರಣೆಗೆ, ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಕ್ರಿ.ಶ. ಸುಮಾರು 750ರ ಕಿಟ್ಟಯ್ಯನ ವೀರಗಲ್ಲು ಶಾಸನದ ಕುರಿತು ಭೂತಕಾಲದ ಕ್ರಿಯಾಪದಗಳನ್ನು ಬಳಸಿ ನಾಲ್ಕು ಸಾಲು ಬರೆಸಬಹುದು.

6. ಕಾಯ್ದೆಯಲ್ಲಿನ ಅವಕಾಶಗಳು

ಶಿಕ್ಷಣ ಹಕ್ಕು ಕಾಯ್ದೆಯು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಒಂದರಿಂದ ಎಂಟನೆಯ ತರಗತಿಯವರೆಗಿನ ಶಿಕ್ಷಣಕ್ಕೆ ಅನ್ವಯಿಸುತ್ತದೆ. ಎಂಟನೆಯ ತರಗತಿಯು ಪ್ರೌಢಶಾಲೆಯಲ್ಲಿ ನಡೆದರೂ ಈ ಕೆಳಗಿನ ಅಂಶಗಳು ಅದಕ್ಕೆ ಸಂಬಂಧಿಸುತ್ತವೆ.

- ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು, ಅಗತ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ನೀಡುವುದು ಶಿಕ್ಷಕರ ಕರ್ತವ್ಯ (ಪ್ರಕರಣ 24).
- ಪೋಷಕರ ಸಭೆಗಳನ್ನು ನಿಯತವಾಗಿ ನಡೆಸಿ, ಮಗುವಿನ ಹಾಜರಾತಿ ಮತ್ತು ಕಲಿಕೆಯ ಪ್ರಗತಿಯನ್ನು ತಿಳಿಸುವುದು ಸಹ ಅದೇ ಪ್ರಕರಣದ ಅಡಿಯಲ್ಲಿ ಬರುತ್ತದೆ.
- ಶಿಕ್ಷಕರ ವಾರದ ಕನಿಷ್ಠ ಕೆಲಸದ ಅವಧಿ 45 ಗಂಟೆಗಳು. ಪಾಠದ ಪೂರ್ವಸಿದ್ಧತೆಯ ಸಮಯವೂ ಇದರಲ್ಲಿ ಸೇರಿದೆ. ಯೋಜನೆ ಬರೆಯುವುದು ಬಿಡುವಿನ ಕೆಲಸವಲ್ಲ, ಕೆಲಸದ ಭಾಗವೇ ಆಗಿರುತ್ತದೆ.
- ಶಿಕ್ಷಕರು ಖಾಸಗಿ ಮನೆಪಾಠ ನಡೆಸುವುದನ್ನು ನಿಷೇಧಿಸಲಾಗಿದೆ (ಪ್ರಕರಣ 28).

7. ಪೋಷಕರು ಅನುಸರಿಸಬಹುದಾದ ಕ್ರಮ

ಮೊದಲಿಗೆ ಪೋಷಕರ ಸಭೆಯಲ್ಲಿ ಅಥವಾ ಮುಖ್ಯ ಶಿಕ್ಷಕರ ಅನುಮತಿ ಪಡೆದು ವಿಷಯ ಶಿಕ್ಷಕರನ್ನು ಭೇಟಿ ಮಾಡುವುದು ಸೂಕ್ತ. ‘ಪಾಠ ಎಲ್ಲಿಗೆ ಬಂತು?’ ಎಂಬ ಪ್ರಶ್ನೆಗಿಂತ ‘ಈ ವಾರ ಮಗುವಿಗೆ ಏನು ಬಂತು, ಏನು ಬಾಕಿ ಇದೆ?’ ಎಂಬ ಪ್ರಶ್ನೆಯಿಂದ ಹೆಚ್ಚು ಉಪಯುಕ್ತ ಉತ್ತರ ದೊರೆಯುತ್ತದೆ. ಹೆಚ್ಚುವರಿ ಬೋಧನೆಯ ಅಗತ್ಯವಿದ್ದಲ್ಲಿ ಮಗುವಿನ ಹೆಸರು, ತರಗತಿ ಮತ್ತು ಕಂಡುಬಂದ ತೊಂದರೆಯನ್ನು ನಮೂದಿಸಿ ಮುಖ್ಯ ಶಿಕ್ಷಕರಿಗೆ ಲಿಖಿತ ಮನವಿ ನೀಡಿ, ಸ್ವೀಕೃತಿ ಪಡೆಯಬಹುದು.

ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದೆಯೂ ವಿಷಯವನ್ನು ಇಡಬಹುದು. ಅನಂತರವೂ ಪರಿಹಾರ ದೊರೆಯದಿದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಗಮನಕ್ಕೆ ತರಬಹುದು. ಕಾಯ್ದೆಯ ಪ್ರಕರಣ 32ರಂತೆ ಸ್ಥಳೀಯ ಪ್ರಾಧಿಕಾರಕ್ಕೆ ನೀಡಿದ ಲಿಖಿತ ದೂರನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕಾಗುತ್ತದೆ.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪೋಷಕರಿಗೆ ಇಂಗ್ಲಿಷ್ ಬಾರದಿದ್ದರೆ ಮನೆಯಲ್ಲಿ ಹೇಗೆ ಸಹಾಯ ಮಾಡಬಹುದು?
ಉತ್ತರ: ಪ್ರತಿದಿನ ಹತ್ತು ನಿಮಿಷ ಮಗು ಗಟ್ಟಿಯಾಗಿ ಓದುವುದನ್ನು ಕೇಳಬಹುದು. ಓದಿದುದರ ಅರ್ಥವನ್ನು ಮನೆಮಾತಿನಲ್ಲಿ ಹೇಳುವಂತೆ ಕೇಳಬಹುದು. ಅರ್ಥ ಹೇಳಲು ತಡವರಿಸಿದ ಸಾಲಿಗೆ ಪೆನ್ಸಿಲ್ ಗುರುತು ಹಾಕಿಸಿ, ಮರುದಿನ ಶಿಕ್ಷಕರನ್ನು ಕೇಳುವಂತೆ ತಿಳಿಸಬಹುದು. ಇದಕ್ಕೆ ಪೋಷಕರಿಗೆ ಇಂಗ್ಲಿಷ್ ಬರಬೇಕಾಗಿಲ್ಲ.

ಪ್ರಶ್ನೆ: ತರಗತಿಯಲ್ಲಿ ಕನ್ನಡ ಬಳಸಿದರೆ ಇಂಗ್ಲಿಷ್ ಕಲಿಕೆಗೆ ಅಡ್ಡಿಯಾಗುವುದೇ?
ಉತ್ತರ: ಮಿತವಾಗಿ, ಉದ್ದೇಶಪೂರ್ವಕವಾಗಿ ಬಳಸಿದಲ್ಲಿ ಅಡ್ಡಿಯಾಗುವುದಿಲ್ಲ. ಆದರೆ ಇಡೀ ಪಾಠವನ್ನು ಅನುವಾದಿಸಿ ಮುಗಿಸಿದರೆ ಮಗುವಿಗೆ ಇಂಗ್ಲಿಷ್ ಕೇಳುವ ಅವಕಾಶವೇ ಇಲ್ಲವಾಗುತ್ತದೆ.

ಪ್ರಶ್ನೆ: ಹಿಂದಿನ ಶಾಲೆಯಿಂದ ವರ್ಗಾವಣೆ ಪ್ರಮಾಣ ಪತ್ರ ತಡವಾದರೆ ಮಗು ಆರಂಭದ ವಾರಗಳನ್ನು ಕಳೆದುಕೊಳ್ಳಬೇಕೇ?
ಉತ್ತರ: ಬೇಕಿಲ್ಲ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರುವಾಗ ಪ್ರಮಾಣ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶವನ್ನು ವಿಳಂಬ ಮಾಡುವಂತಿಲ್ಲ, ನಿರಾಕರಿಸುವಂತಿಲ್ಲ (ಪ್ರಕರಣ 5). ಸೇತುಬಂಧದ ದಿನಗಳಲ್ಲಿ ಮಗು ತರಗತಿಯಲ್ಲಿರುವುದು ಅತ್ಯಗತ್ಯ.

ಪ್ರಶ್ನೆ: ಪಠ್ಯಪುಸ್ತಕ ಕಳೆದುಹೋದಲ್ಲಿ ಏನು ಮಾಡಬೇಕು?
ಉತ್ತರ: ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಸ್ತಕಗಳ ಪ್ರತಿಗಳು ಉಚಿತವಾಗಿ ಲಭ್ಯವಿವೆ. ಅಗತ್ಯವಿರುವ ಪಾಠವನ್ನು ಮಾತ್ರ ಮುದ್ರಿಸಿಕೊಳ್ಳಬಹುದು.

ಸೂಚನೆ: ಮೇಲಿನ ಅವಧಿಗಳ ಲೆಕ್ಕ ಮತ್ತು ವಾರದ ಮಾದರಿಯನ್ನು ಉದಾಹರಣೆಗಾಗಿ ನೀಡಲಾಗಿದೆ. ಆಯಾ ಶಾಲೆಯ ವೇಳಾಪಟ್ಟಿಗೆ ಅನುಗುಣವಾಗಿ ಇವು ಬದಲಾಗಬಹುದು. ಪ್ರವೇಶಕ್ಕೆ ಅರ್ಜಿ ಸಲ್ಲಿಸುವ ಪೋಷಕರು ಮಗುವಿನ ಹಿಂದಿನ ತರಗತಿಯ ಪ್ರಗತಿ ಪತ್ರದ ಜೊತೆಗೆ ಇಂಗ್ಲಿಷ್ ನೋಟ್‌ಪುಸ್ತಕವನ್ನೂ ತಂದು ಶಿಕ್ಷಕರಿಗೆ ತೋರಿಸಿದಲ್ಲಿ, ಮೊದಲ ವಾರದ ಯೋಜನೆಗೆ ಅನುಕೂಲವಾಗುತ್ತದೆ.