ಪೆರ್ರಿ ರೋಡಾನ್ ಕಥಾಮಾಲೆಯೂ ಅದರ ಮುಖಚಿತ್ರಗಳೂ

ವಾರಕ್ಕೊಂದರಂತೆ ಹೊರಬಂದು, ರೈಲುನಿಲ್ದಾಣದ ಅಂಗಡಿಗಳಲ್ಲಿ ಮಾರಾಟವಾಗಿ, ಓದಿ ಮುಗಿದೊಡನೆ ರದ್ದಿಗೆ ಸೇರುವ ಕಥಾಪುಸ್ತಿಕೆಗಳನ್ನು ಸಾಹಿತ್ಯವೆಂದೆಣಿಸಿ ವಿಚಾರಮಾಡುವ ರೂಢಿ ವಿದ್ವಾಂಸರಲ್ಲಿ ವಿರಳ. ಅವುಗಳ ರಕ್ಷಾಪುಟದ ಮೇಲಣ ವರ್ಣಚಿತ್ರಗಳ ಮಾತಂತೂ ಹೇಳಬೇಕಾದುದೇ ಇಲ್ಲ. ಆದರೂ ಕರ್ತೃತ್ವವೆಂದರೇನು, ಪಾಠಾಂತರವೆಂದರೇನು, ಕೃತಿಯ ಏಕತೆ ಯಾವುದರಲ್ಲಿ ನೆಲೆಸಿರುತ್ತದೆ ಎಂಬ, ನಮಗೆಲ್ಲ ಪರಿಚಿತವಾದ ಪ್ರಶ್ನೆಗಳೇ ಇಂತಹ ಪುಸ್ತಿಕೆಗಳಲ್ಲಿಯೂ ಎದುರಾಗುತ್ತವೆ. ಜರ್ಮನ್ ಭಾಷೆಯ ಪೆರ್ರಿ ರೋಡಾನ್ ಎಂಬ ವಿಜ್ಞಾನ ಸಾಹಸ ಕಥಾಮಾಲೆಯು ಇದಕ್ಕೆ ಉತ್ತಮ ನಿದರ್ಶನ.

ಈ ಮಾಲೆಯ ಮೊದಲನೆಯ ಸಂಚಿಕೆ 1961ನೆಯ ಸೆಪ್ಟೆಂಬರ್ 8ರಂದು ಮ್ಯೂನಿಕ್ ನಗರದ ಮೋವಿಗ್ ಪ್ರಕಾಶನದಿಂದ ಹೊರಬಿದ್ದಿತು. ಗಗಾರಿನ್ ಭೂಮಿಯನ್ನು ಸುತ್ತಿಬಂದು ಆಗ ಐದು ತಿಂಗಳಾಗಿದ್ದಿತು. ಬರ್ಲಿನ್ ನಗರದ ನಡುವೆ ತಡೆಬೇಲಿಯೆದ್ದು ನಾಲ್ಕು ವಾರಗಳೂ ತುಂಬಿರಲಿಲ್ಲ. ಮಾಲೆಯ ಪ್ರವರ್ತಕರು ಇಬ್ಬರು: ಕೆ. ಎಚ್. ಷೇರ್ (1928–1991) ಮತ್ತು ಕ್ಲಾರ್ಕ್ ಡಾರ್ಲ್ಟನ್ ಎಂಬ ಕಾವ್ಯನಾಮದ ವಾಲ್ಟರ್ ಎರ್ನ್‌ಸ್ಟಿಂಗ್ (1920–2005). ಈ ಆಂಗ್ಲ ಹೆಸರಿನ ಹಿಂದೊಂದು ವಿನೋದವಿದೆ. ಆ ಕಾಲದ ಜರ್ಮನ್ ಪ್ರಕಾಶಕರಿಗೆ ವಿಜ್ಞಾನಕಥೆಯೆಂದರೆ ಅಮೆರಿಕದಿಂದಲೇ ಬರಬೇಕು. ಆದಕಾರಣ ಎರ್ನ್‌ಸ್ಟಿಂಗನು 1955ರಲ್ಲಿ ತನ್ನ ಸ್ವಂತ ಕಾದಂಬರಿಯನ್ನೇ, ಇಲ್ಲದ ಅಮೆರಿಕನ್ ಲೇಖಕನೊಬ್ಬನ ಕೃತಿಯ ಭಾಷಾಂತರವೆಂದು ಹೇಳಿ ಮುದ್ರಣಕ್ಕೆ ತಂದನು. ಭಾಷಾಂತರವನ್ನು ಸ್ವತಂತ್ರಕೃತಿಯೆಂದು ಮೆರೆಸಿದವರನ್ನು ಬಲ್ಲೆವು; ಇಲ್ಲಿ ನಡೆದುದು ಅದಕ್ಕೆ ತಿರುಗುಮುರುಗು.

ಮೊದಲಿಗೆ ಕೆಲವೇ ಹತ್ತು ಸಂಚಿಕೆಗಳಲ್ಲಿ ಮುಗಿಸಬೇಕೆಂದಿದ್ದ ಮಾಲೆಯು 1980ರಲ್ಲಿ 1000ನೆಯ ಸಂಚಿಕೆಯನ್ನೂ, 1999ರಲ್ಲಿ 2000ನೆಯದನ್ನೂ, 2019ರಲ್ಲಿ 3000ನೆಯದನ್ನೂ ಕಂಡಿತು. ಇಂದಿಗೂ ವಾರವಾರವೂ ಹೊರಡುತ್ತಿದೆ. ಒಂದೊಂದು ಸಂಚಿಕೆಯೂ ಅರುವತ್ತು ಪುಟಗಳ ಆಸುಪಾಸಿನ ಒಂದು ಕಥೆ; ಐವತ್ತು ಅಥವಾ ನೂರು ಸಂಚಿಕೆಗಳು ಕೂಡಿ ಒಂದು ಆವರ್ತವಾಗುತ್ತವೆ.

ಕಥೆಯ ಬೀಜವು ಸರಳವಾದುದು. 1971ರಲ್ಲಿ—ಬರೆದಾಗ ಅದು ಭವಿಷ್ಯತ್ಕಾಲ—ಅಮೆರಿಕದ ಮೇಜರ್ ಪೆರ್ರಿ ರೋಡಾನನು ಸ್ಟಾರ್ಡಸ್ಟ್ ಎಂಬ ನೌಕೆಯಲ್ಲಿ ಚಂದ್ರನ ಮೇಲಿಳಿದು, ಅಲ್ಲಿ ಕೆಟ್ಟು ನಿಂತಿರುವ ಪರಲೋಕದ ಮಹಾನೌಕೆಯೊಂದನ್ನು ಕಾಣುತ್ತಾನೆ. ಅದರಲ್ಲಿರುವ ಆರ್ಕಾನಿಗಳು ವಿದ್ಯೆಯಲ್ಲಿ ಮನುಷ್ಯರಿಗಿಂತ ಎಷ್ಟೋ ಮುಂದುವರಿದವರು, ಆದರೆ ಜಡತೆಗೆ ಬಿದ್ದು ಕ್ಷೀಣಿಸಿದವರು. ರೋಡಾನನು ಅವರ ಯಂತ್ರಬಲದೊಡನೆ ಭೂಮಿಗೆ ಮರಳಿ, ಅದನ್ನು ಸ್ವದೇಶಕ್ಕೂ ಒಪ್ಪಿಸದೆ ಶತ್ರುಗಳಿಗೂ ಕೊಡದೆ, ಗೋಬಿ ಮರುಭೂಮಿಯಲ್ಲಿ ‘ಮೂರನೆಯ ಶಕ್ತಿ’ಯನ್ನು ಸ್ಥಾಪಿಸಿ, ಅಣುಯುದ್ಧದ ಅಂಚಿನಲ್ಲಿದ್ದ ರಾಷ್ಟ್ರಕೂಟಗಳನ್ನು ಒಂದಾಗುವಂತೆ ಮಾಡುತ್ತಾನೆ. ದೇಶವೇ ಇಬ್ಭಾಗವಾಗಿದ್ದ ಜರ್ಮನ್ ಓದುಗರಿಗೆ ಈ ಕಲ್ಪನೆ ಏಕೆ ರುಚಿಸಿತೆಂಬುದನ್ನು ವಿವರಿಸಬೇಕಾಗಿಲ್ಲ. ಮುಂದೆ ನಾಯಕನಿಗೆ ವೃದ್ಧಾಪ್ಯವಿಲ್ಲದ ಆಯುಸ್ಸು ಲಭಿಸುವುದರಿಂದ ಕಥೆ ಸಹಸ್ರಾರು ವರ್ಷಗಳಿಗೆ ಹರಡಲು ಅವಕಾಶವಾಯಿತು.

ಇಷ್ಟು ದೀರ್ಘವಾದ ಕಥೆಯನ್ನು ಬರೆದವರು ಯಾರು? ಪ್ರತಿ ಸಂಚಿಕೆಯ ಮೇಲೆಯೂ ಒಬ್ಬ ಲೇಖಕನ ಹೆಸರಿರುವುದೇನೋ ನಿಜ. ಆದರೆ ಆ ಸಂಚಿಕೆಯ ಘಟನೆಗಳು, ಪಾತ್ರಗಳು, ಯಂತ್ರಗಳ ಅಳತೆ ಮೊದಲಾದುವುಗಳನ್ನು ಮೊದಲೇ ಗೊತ್ತುಮಾಡುವ ಕಥಾಸೂತ್ರವೊಂದುಂಟು. ಅವರಲ್ಲಿ ಇದಕ್ಕೆ ‘ಎಕ್ಸ್‌ಪೋಸೆ’ ಎಂದು ಹೆಸರು. ಆರಂಭದಲ್ಲಿ ಷೇರನೂ, 1970ರ ದಶಕದ ನಡುವಿನಿಂದ ವಿಲಿಯಂ ವೋಲ್ಟ್ಸನೂ (1938–1984), ಅನಂತರ ಇತರರೂ ಇದನ್ನು ರಚಿಸಿದರು. ಸೂತ್ರ ಒಬ್ಬನದು, ಮಾತು ಮತ್ತೊಬ್ಬನದು. ಪ್ರಸಂಗವನ್ನು ಕವಿಯೊಬ್ಬನು ರಚಿಸಿ ಅರ್ಥವನ್ನು ವೇಷಧಾರಿಗಳು ಹೇಳುವ ಯಕ್ಷಗಾನದ ಕ್ರಮವನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಆದರೆ ಸೂತ್ರಕಾರರೂ ಬದಲಾದರು, ಲೇಖಕರೂ ಬದಲಾದರು. ಬದಲಾಗದೆ ಬಹುಕಾಲ ನಿಂತವನು ಚಿತ್ರಕಾರನೊಬ್ಬನೇ.

ಜಾನಿ ಬ್ರುಕ್ (1921–1995) ಎಂಬುದು ಆತನ ಹೆಸರು; ಹುಟ್ಟಿದುದು ಹಾಲೆ ನಗರದಲ್ಲಿ. ಮೊದಲನೆಯ ಸಂಚಿಕೆಯಿಂದ ಹಿಡಿದು ತನ್ನ ಮರಣದವರೆಗೆ, ಮೂವತ್ತನಾಲ್ಕು ವರ್ಷಗಳ ಕಾಲ, ಹೆಚ್ಚುಕಡಮೆ 1800 ಸಂಚಿಕೆಗಳ ಮುಖಚಿತ್ರಗಳನ್ನು ಆತನು ಬರೆದನು. ಒಳಗಿನ ರೇಖಾಚಿತ್ರಗಳು ಇದಕ್ಕೆ ಹೊರತು. ವಾರಕ್ಕೊಂದು ಚಿತ್ರವೆಂದರೆ ಸಾವಧಾನವಾದ ಕಲಾಸಾಧನೆಗೆ ಎಡೆಯಿಲ್ಲ. ಬ್ರುಕನ ಚಿತ್ರಗಳಲ್ಲಿ ಅವಸರದವೂ ಉಂಟು, ಒಂದೇ ವಿನ್ಯಾಸವನ್ನು ಮತ್ತೆಮತ್ತೆ ಬಳಸಿದವೂ ಉಂಟು. ಆದರೂ ಅವೆಲ್ಲವನ್ನೂ ಕಾಲಕ್ರಮದಲ್ಲಿ ನೋಡಿದರೆ, ಲೇಖಕರ ಗದ್ಯದಲ್ಲಿ ಕಾಣದೊಂದು ಅವಿಚ್ಛಿನ್ನತೆ ಅವುಗಳಲ್ಲಿ ತೋರುತ್ತದೆ.

ಆತನ ವಿನ್ಯಾಸಗಳಲ್ಲಿ ಮುಖ್ಯವಾದುದು ಮುಖ. ಮುಂಭಾಗದಲ್ಲಿ ಮನುಷ್ಯನದೋ ಪರಲೋಕಜೀವಿಯದೋ ದೊಡ್ಡ ಮುಖವೊಂದು. ಅದರ ಹಿಂದೆ ಗ್ರಹ, ನೌಕೆ ಅಥವಾ ಕಾಳಗ. ಲೇಖಕನು ಎರಡು ವಾಕ್ಯಗಳಲ್ಲಿ ತೀರಿಸಿಬಿಟ್ಟ ಜೀವಿಗೆ ಚಿತ್ರಕಾರನು ಚರ್ಮ, ಕಣ್ಣು, ಭಾವಗಳನ್ನು ಕೊಡಬೇಕಾಗಿತ್ತು. ಒಮ್ಮೆ ಕೊಟ್ಟ ಮೇಲೆ ಓದುಗನ ಮನಸ್ಸಿನಲ್ಲಿ ಆ ಜೀವಿಗೆ ಬೇರೊಂದು ರೂಪವಿಲ್ಲ. ಎರ್ನ್‌ಸ್ಟಿಂಗನು ಕಲ್ಪಿಸಿದ ಗುಕಿ ಎಂಬ ಒಂಟಿಹಲ್ಲಿನ ಮೂಷಿಕರೂಪಿಯ ವಿಷಯದಲ್ಲಿ ಹೀಗೆಯೇ ಆಯಿತು. ಮಾತಿನಲ್ಲಿ ಅದು ಹಾಸ್ಯಪಾತ್ರ. ಪಟದಲ್ಲಿ ಮಾತ್ರ ಅದಕ್ಕೊಂದು ಘನತೆ ಬಂದಿದೆಯೆಂದು ನಮಗೆ ತೋರುತ್ತದೆ.

ಎರಡನೆಯದು ಗೋಳ. ಈ ಮಾಲೆಯ ನೌಕೆಗಳು ಬಾಣದಾಕಾರದ ರಾಕೆಟ್ಟುಗಳಲ್ಲ. ನಡುವನ್ನು ಸುತ್ತಿದ ಉಬ್ಬುಪಟ್ಟಿಯುಳ್ಳ, ಕಾಲುಗಳನ್ನು ಚಾಚಿ ನೆಲಕ್ಕಿಳಿಯುವ ಮಹಾಗೋಳಗಳು. ಗೋಳಕ್ಕೆ ಹಿಂದುಮುಂದುಗಳಿಲ್ಲವಾದ್ದರಿಂದ ಅದರ ವೇಗವನ್ನು ಚಿತ್ರದಲ್ಲಿ ತೋರಿಸುವುದು ಕಷ್ಟ. ಗಾತ್ರವನ್ನು ತೋರಿಸುವುದು ಸುಲಭ. ಗೋಳದ ಬುಡದಲ್ಲಿ ಚುಕ್ಕೆಯಂತಹ ಮನುಷ್ಯರನ್ನಿಟ್ಟರೆ ಸಾಕು. ಕಥೆಯ ಭವ್ಯತೆಯು ವೇಗಕ್ಕಿಂತ ಹೆಚ್ಚಾಗಿ ಗಾತ್ರದ ಭವ್ಯತೆಯಾಗಿ ಬೆಳೆದುದರಲ್ಲಿ ಈ ಆಕಾರದ ಪಾಲೂ ಇರಬಹುದೆಂದು ನಮ್ಮ ಊಹೆ. ಯಂತ್ರವಿದ್ಯೆಯಲ್ಲಿ ಆಸಕ್ತರಾದ ಓದುಗರು ಈ ನೌಕೆಗಳ ಒಳರಚನೆಯನ್ನು ಕೋಣೆಕೋಣೆಯಾಗಿ ತೋರಿಸುವ ಛೇದಚಿತ್ರಗಳನ್ನು ಬರೆದು ಕಳುಹಿಸಿದರು. ಅವು ಸಂಚಿಕೆಗಳಲ್ಲಿಯೇ ಅಚ್ಚಾದವು. ಗದ್ಯದಲ್ಲಿ ಹುಟ್ಟಿದ ವಸ್ತುವು ಚಿತ್ರಕ್ಕೆ ಬಂದು, ಚಿತ್ರದಿಂದ ಓದುಗನ ಲೆಕ್ಕಾಚಾರಕ್ಕೆ ಸಂದಿತು.

ಈ ಮಾಲೆಗೆ ಒದಗಿದ ದೊಡ್ಡ ಆಕ್ಷೇಪಣೆಯನ್ನು ಮುಚ್ಚಿಡುವುದು ನ್ಯಾಯವಲ್ಲ. 1960ರ ದಶಕದ ಕೊನೆಯಿಂದ ಪಶ್ಚಿಮ ಜರ್ಮನಿಯ ವಿಮರ್ಶಕರು ಇದರಲ್ಲಿ ಯುದ್ಧಪ್ರಿಯತೆಯನ್ನೂ ಏಕನಾಯಕನ ಆರಾಧನೆಯನ್ನೂ ಕಂಡರು. ಫ್ಯಾಸಿಸಂನ ವಾಸನೆಯೆಂದವರೂ ಇದ್ದರು. ಷೇರನಿಗೆ ಓದುಗರಲ್ಲಿ ‘ಕೈಬಾಂಬಿನ ಹೆರ್ಬೆರ್ಟ್’ ಎಂಬ ಅಡ್ಡಹೆಸರೇ ಇದ್ದಿತು. ಆಕ್ಷೇಪಣೆ ಪೂರ್ತಿ ನಿರಾಧಾರವೆನ್ನಲಾಗದು: ಒಬ್ಬನ ಕೈಯಲ್ಲಿ ಅಜೇಯವಾದ ಶಕ್ತಿಯಿದ್ದರೆ ಲೋಕಕ್ಕೆ ಶಾಂತಿ ಲಭಿಸುವುದೆಂಬ ಭಾವನೆ ಕಥೆಯ ಅಡಿಪಾಯದಲ್ಲಿಯೇ ಇದೆ. ‘ವಿಶ್ವದ ಉತ್ತರಾಧಿಕಾರಿ’ ಎಂದು ಮೊದಲ ಸಂಚಿಕೆಗಳ ರಕ್ಷಾಪುಟವೇ ನಾಯಕನನ್ನು ಸಾರಿತು. ಆದರೆ ಅದೇ ಕಥೆಯಲ್ಲಿ ರೋಡಾನನು ತನ್ನ ದೇಶದ ಸೇನೆಗೆ ಬೆನ್ನುತಿರುಗಿಸುವವನು. ವೋಲ್ಟ್ಸನ ಕಾಲದಲ್ಲಿ ಯುದ್ಧಕ್ಕಿಂತ ವಿಶ್ವರಹಸ್ಯದ ಅನ್ವೇಷಣೆಯೇ ಮೇಲಾಯಿತು. ರಕ್ಷಾಪುಟವನ್ನಷ್ಟೇ ನೋಡಿ ತೀರ್ಪುಕೊಟ್ಟವರಿಗೆ ಈ ಮಾರ್ಪಾಡು ಕಾಣಿಸದು. ರಕ್ಷಾಪುಟವನ್ನು ಬಿಟ್ಟು ಓದಿದವರಿಗೆ ಆ ಆಕ್ಷೇಪಣೆ ಹುಟ್ಟಿದುದೇಕೆಂದು ತಿಳಿಯದು.

ಇನ್ನು ಪಾಠದ ವಿಚಾರ. 1978ರಿಂದ ಹಳೆಯ ಸಂಚಿಕೆಗಳು ದಪ್ಪರಟ್ಟಿನ ಸಂಪುಟಗಳಾಗಿ ಬರತೊಡಗಿದವು. ಹೊದಿಕೆಯ ಬಣ್ಣದಿಂದ ಇವು ‘ಬೆಳ್ಳಿಯ ಸಂಪುಟ’ಗಳೆಂದು ಪ್ರಸಿದ್ಧ. ವೋಲ್ಟ್ಸನು ಇವುಗಳನ್ನು ಸಿದ್ಧಪಡಿಸುವಾಗ ಹಲವು ಸಂಚಿಕೆಗಳನ್ನು ಒಂದಾಗಿ ಹೆಣೆದನು, ಕೆಲವನ್ನು ಕೈಬಿಟ್ಟನು, ವಿರೋಧಗಳನ್ನು ಸವರಿದನು. ಹೀಗೆ ಒಂದೇ ಕಥೆಗೆ ಎರಡು ಪಾಠಗಳಾದುವು. ಇಂದಿನ ಅನೇಕ ಓದುಗರು ಬಲ್ಲುದು ಪರಿಷ್ಕೃತ ಪಾಠವನ್ನೇ. ಬ್ರುಕನ ಚಿತ್ರಗಳೂ ಇಲ್ಲಿ ಸ್ಥಾನಾಂತರ ಹೊಂದಿದವು: ಒಂದು ಸಂಚಿಕೆಗಾಗಿ ಬರೆದ ಚಿತ್ರವು, ಓರೆಮಾಡಿದರೆ ಆಳ ತೋರುವ ಗೀರುಫಲಕವಾಗಿ, ಇಡೀ ಸಂಪುಟದ ಮುಖವಾಯಿತು. ಆ ಚಿತ್ರದ ಘಟನೆಯನ್ನು ಸಂಪುಟದಲ್ಲಿ ಹುಡುಕುವವನು ಒಂದಷ್ಟು ದೂರ ಓದಬೇಕಾದೀತು.

ಅಮೆರಿಕದ ಪಾಠ ಇನ್ನೊಂದು ಬಗೆ. 1969ರಿಂದ ಏಸ್ ಪ್ರಕಾಶನಕ್ಕಾಗಿ ವೆಂಡೇನ್ ಆಕರ್‌ಮನ್ ಎಂಬಾಕೆ ಭಾಷಾಂತರಿಸಿದಳು. ಆಕೆಯ ಪತಿ ಫಾರೆಸ್ಟ್ ಆಕರ್‌ಮನ್ ಸಂಪಾದಕ. ಅಲ್ಲಿ ಬುಲ್ ಎಂಬವನು ಬೆಲ್ ಆದನು, ಗುಕಿಯು ಪುಕಿಯಾಯಿತು. ಮುಖಚಿತ್ರಗಳಲ್ಲಿ ಹೆಚ್ಚಿನವನ್ನು ಗ್ರೇ ಮಾರೋ ಹೊಸದಾಗಿ ಬರೆದನು. ಕಥೆ ಅದೇ, ಮುಖ ಬೇರೆ. ಜರ್ಮನಿಯಲ್ಲಿ ಬೇರೂರಿದಂತೆ ಅಲ್ಲಿ ಅದು ಬೇರೂರಲಿಲ್ಲ, 1970ರ ದಶಕ ಮುಗಿಯುವಷ್ಟರಲ್ಲಿ ನಿಂತಿತು. ಚಿತ್ರವೇ ಕಾರಣವೆಂದು ನಾವು ಹೇಳುವುದಿಲ್ಲ.

ಬ್ರುಕನ ಅನಂತರ ಆಲ್ಫ್ರೆಡ್ ಕೆಲ್ಸ್‌ನರ್, ಸ್ವೆನ್ ಪಾಪೆನ್‌ಬ್ರಾಕ್, ಡಿರ್ಕ್ ಷುಲ್ಟ್ಸ್, ಆರ್ನ್ಟ್ ಡ್ರೆಕ್ಸ್‌ಲರ್ ಮೊದಲಾದವರು ಆ ಕೆಲಸವನ್ನು ಹಂಚಿಕೊಂಡರು. ಒಂದು ಕೈಯ ಕಾಲ ಅಲ್ಲಿಗೆ ಮುಗಿಯಿತು.

ಇಂತಹ ಅಧ್ಯಯನಕ್ಕೆ ಮೊದಲ ಅಡ್ಡಿ ಸಾಮಗ್ರಿಯ ನಾಶ. ಪುಸ್ತಿಕೆಗಳ ಕಾಗದ ಕೀಳು. ಕೆಲವು ದಶಕಗಳಲ್ಲಿ ಕಂದಿ ಮುರಿಯುತ್ತದೆ. ನಿಯತಕಾಲಿಕಗಳನ್ನು ರಟ್ಟುಕಟ್ಟುವಾಗ ಹೊದಿಕೆಯನ್ನೂ ಜಾಹೀರಾತುಗಳನ್ನೂ ಕಿತ್ತುಹಾಕುವ ಪದ್ಧತಿ ಅನೇಕ ಗ್ರಂಥಾಲಯಗಳಲ್ಲಿ ಇದ್ದಿತು. ನಮ್ಮಲ್ಲಿಯೂ ಹಳೆಯ ಮಾಸಪತ್ರಿಕೆಗಳ ಸಂಪುಟಗಳನ್ನು ತೆರೆದವರು ಇದನ್ನು ಬಲ್ಲರು. ಸಂಗ್ರಹಗಾರರಾದ ಸಾಮಾನ್ಯ ಓದುಗರು ಪುಸ್ತಿಕೆಗಳನ್ನು ಹೊದಿಕೆಸಮೇತ ಪೆಟ್ಟಿಗೆಗಳಲ್ಲಿ ಕಾಪಾಡಿಕೊಂಡು ಬಂದುದರಿಂದಲೇ ಬ್ರುಕನ ಚಿತ್ರಮಾಲೆಯನ್ನು ಮೊದಲಿನಿಂದ ಕೊನೆಯವರೆಗೆ ಇಂದು ನೋಡಲು ಸಾಧ್ಯವಾಗಿದೆ.