ಕಿರಾತನ ಮುಡಿಯ ಹೂವು

(ಮಾಸೂರಿನಲ್ಲಿ ನೀಡಿದ ಆಶೀರ್ವಚನ)

ಸದ್ಭಕ್ತರೇ,

ಬಲ ಎಂಬುದು ಎರಡು ಬಗೆಯದು. ಒಂದು ಹೊರಗಿನ ಬಲ. ಹೊಲ, ಮನೆ, ಹಣ, ತೋಳು, ಆಯುಧ ಇವೆಲ್ಲ ಅದಕ್ಕೆ ಸೇರಿದವು. ಇನ್ನೊಂದು ಒಳಗಿನ ಬಲ. ಹೊರಗಿನ ಬಲ ಇರುವತನಕ ಒಳಗಿನದು ಎಷ್ಟಿದೆಯೆಂದು ಮನುಷ್ಯನಿಗೆ ತಿಳಿಯುವುದಿಲ್ಲ. ಮಳೆ ಕೈಕೊಟ್ಟ ವರ್ಷವೇ ಒಕ್ಕಲಿಗನ ಮನಸ್ಸಿನ ಪರೀಕ್ಷೆ. ಈ ಮಾತನ್ನು ಮಾಸೂರಿನವರಿಗೆ ನಾವು ಹೇಳಬೇಕಾಗಿಲ್ಲ. ಕುಮುದ್ವತಿಗೆ ಅಡ್ಡಲಾಗಿ ಗುಡ್ಡಗಳ ನಡುವೆ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗದ ಕೆರೆಯನ್ನು ಕಂಡವರು ನೀವು. ಏರಿ ಎಷ್ಟು ದೊಡ್ಡದಿದ್ದರೂ ಮೇಲೆ ಮಳೆಯಾಗದೆ ಕೆರೆ ತುಂಬದು.

ಈ ಒಳಬಲದ ವಿಷಯವಾಗಿ ಅರ್ಜುನನ ಕಥೆಯೊಂದನ್ನು ವಿಚಾರಿಸೋಣ. ಮಹಾಭಾರತದ ವನಪರ್ವದಲ್ಲಿ ಇದು ಬರುತ್ತದೆ. ಭಾರವಿ ಮಹಾಕವಿಯು ಇದನ್ನೇ 18 ಸರ್ಗಗಳ ಕಿರಾತಾರ್ಜುನೀಯವಾಗಿ ರಚಿಸಿದನು. ಆ ಕವಿಯ ಕೀರ್ತಿ ನಮ್ಮ ನಾಡಿಗೆ ಹೊಸದಲ್ಲ, ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಕಾಳಿದಾಸನ ಜೊತೆಗೆ ಭಾರವಿಯ ಹೆಸರನ್ನೂ ಹೇಳಿದ್ದಾನೆ. ಗದುಗಿನ ಕುಮಾರವ್ಯಾಸನೂ ಅರಣ್ಯಪರ್ವದಲ್ಲಿ ಇದನ್ನು ಕನ್ನಡಿಗರ ಮನೆಮಾತು ಮಾಡಿದನು.

ರಾಜ್ಯ ಹೋಯಿತು, ಸಭೆಯಲ್ಲಿ ದ್ರೌಪದಿಗೆ ಅಪಮಾನವಾಯಿತು, ಕಾಡು ಸೇರಿದ್ದಾಯಿತು. ವ್ಯಾಸರು ಧರ್ಮರಾಜನಿಗೆ ಪ್ರತಿಸ್ಮೃತಿ ಎಂಬ ವಿದ್ಯೆಯನ್ನು ಕೊಟ್ಟರು. ಅಣ್ಣನಿಂದ ಅದನ್ನು ಪಡೆದು ಅರ್ಜುನನು ಉತ್ತರಕ್ಕೆ ನಡೆದನು. ಇಂದ್ರಕೀಲದಲ್ಲಿ ಇಂದ್ರನು ತಪಸ್ವಿಯ ವೇಷದಲ್ಲಿ ಎದುರಾಗಿ, ಇಲ್ಲಿ ಬಿಲ್ಲಿನ ಕೆಲಸವೇನು, ಅದನ್ನು ಬಿಸುಡು ಎಂದನು. ಅರ್ಜುನನು ಮಣಿಯಲಿಲ್ಲ. ಸ್ವರ್ಗವೇ ದೊರೆಯುತ್ತದೆಂದರೂ ಬೇಡವೆಂದನು. ಕಾಡಿನಲ್ಲಿ ಅಣ್ಣತಮ್ಮಂದಿರನ್ನು ಬಿಟ್ಟು ಬಂದವನಿಗೆ ತನ್ನೊಬ್ಬನ ಸುಖ ಏತಕ್ಕೆ? ಮುಂದೆ ಶಿವನನ್ನು ಕುರಿತು ತಪಸ್ಸು. ಮೊದಲ ತಿಂಗಳು ಮೂರು ರಾತ್ರಿಗೊಮ್ಮೆ ಹಣ್ಣು, ಎರಡನೆಯ ತಿಂಗಳು ಆರು ರಾತ್ರಿಗೊಮ್ಮೆ, ಮೂರನೆಯದರಲ್ಲಿ ಪಕ್ಷಕ್ಕೊಮ್ಮೆ ಉದುರಿದ ಎಲೆ, ನಾಲ್ಕನೆಯ ತಿಂಗಳು ಬರಿಯ ಗಾಳಿ.

ಇಷ್ಟಾದ ಮೇಲೆ ಶಿವನು ಬಂದನು. ಹೇಗೆ ಬಂದನು? ಜಟೆ, ಚಂದ್ರ, ತ್ರಿಶೂಲಗಳೊಡನೆ ಬರಲಿಲ್ಲ, ಬೇಡನಾಗಿ ಬಂದನು. ಮೂಕನೆಂಬ ದಾನವನು ಹಂದಿಯಾಗಿ ಅರ್ಜುನನ ಮೇಲೆ ನುಗ್ಗಿದನು. ಇಬ್ಬರ ಬಾಣಗಳೂ ಒಮ್ಮೆಲೇ ನಾಟಿದವು. ಬೇಟೆ ಯಾರದು ಎಂದು ಜಗಳ ಹುಟ್ಟಿತು. ನಾಲ್ಕು ತಿಂಗಳು ಯಾರಿಗಾಗಿ ಹಸಿದಿದ್ದನೋ ಅವನೇ ಎದುರು ನಿಂತಾಗ ಅರ್ಜುನನು ಅವನನ್ನು ಗುರುತಿಸಲಿಲ್ಲ! ಮೈ ಒಣಗಿತ್ತು, ನಾನು ಗಾಂಡೀವಿ ಎಂಬುದು ಮಾತ್ರ ಒಣಗಿರಲಿಲ್ಲ.

ಆಗ ಶಿವನು ಒಂದೊಂದಾಗಿ ಕಳೆಯುತ್ತ ಬಂದನು. ಬತ್ತದ ಬತ್ತಳಿಕೆ ಬರಿದಾಯಿತು. ಗಾಂಡೀವವು ಕಿರಾತನ ಪಾಲಾಯಿತು. ಅವನ ತಲೆಯ ಮೇಲೆ ಹೊಡೆದ ಕತ್ತಿ ಮುರಿಯಿತು. ಮರ, ಕಲ್ಲು, ಮುಷ್ಟಿ ಎಲ್ಲವೂ ಮುಗಿದು ಅರ್ಜುನನು ಮೂರ್ಛೆಹೋದನು. ಎಚ್ಚತ್ತವನು ಏನು ಮಾಡಿದನು? ಇಷ್ಟು ತಪಸ್ಸು ಮಾಡಿದರೂ ದೇವರು ಕಾಯಲಿಲ್ಲವೆಂದು ಬೈಯಲಿಲ್ಲ. ಮಣ್ಣಿನಲ್ಲಿ ಶಿವನನ್ನು ನೆಲೆಗೊಳಿಸಿ ಹೂಮಾಲೆಯನ್ನು ಏರಿಸಿದನು. ಇದೇ ಒಳಗಿನ ಬಲ. ಕೈಯಲ್ಲಿ ಏನೂ ಉಳಿಯದಿದ್ದಾಗಲೂ ಪೂಜೆಗೆ ಏಳುವ ಮನಸ್ಸು.

ತಲೆಯೆತ್ತಿ ನೋಡಿದರೆ ಆ ಮಾಲೆಯು ಕಿರಾತನ ಮುಡಿಯಲ್ಲಿದೆ!

ಶರಣರೇ, ಇಲ್ಲಿ ನೀವು ಸ್ವಲ್ಪ ನಿಲ್ಲಬೇಕು. ಲಿಂಗಕ್ಕೆ ಕೊಟ್ಟದ್ದು ಜಂಗಮಕ್ಕೆ ಮುಟ್ಟುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದ ತತ್ತ್ವವು ಈ ಒಂದು ಹೂವಿನಲ್ಲಿದೆ. ಮಣ್ಣಿನಲ್ಲಿ ಪೂಜೆಗೊಂಡವನೂ ಎದುರಿಗೆ ನಿಂತ ಬೇಡನೂ ಬೇರೆಯಲ್ಲ. ಅರ್ಜುನನು ಯಾರನ್ನು ಕಾಡಿನವನೆಂದು ಹಳಿದು ಹೊಡೆದನೋ ಅವನ ಕಾಲಿಗೇ ಬಿದ್ದನು. ಭಾರವಿಯು ಇದನ್ನು ಬೇರೊಂದು ರೀತಿಯಲ್ಲಿ ಹೇಳುತ್ತಾನೆ. ಕಾದಾಟದಲ್ಲಿ ಮೇಲಕ್ಕೆ ನೆಗೆದ ಶಿವನ ಪಾದಗಳನ್ನು ಅರ್ಜುನನು ಕೆಡವಲೆಂದು ಹಿಡಿದನು. ಶಿವನು ಅದಕ್ಕೇ ಮೆಚ್ಚಿ ಅವನನ್ನು ಅಪ್ಪಿಕೊಂಡನು. ಹೇಗೇ ಹಿಡಿದರೂ ಹಿಡಿದದ್ದು ಪಾದವಾದರೆ ಸಾಕು.

ನಾವು ಪಾಠಶಾಲೆಯಲ್ಲಿ ಈ ಕಾವ್ಯವನ್ನು ಬಾಯಿಪಾಠ ಮಾಡಿದ ದಿನಗಳು ನೆನಪಾಗುತ್ತವೆ. ಒಂದು ಸಂಜೆ ನಾವು ಪೂಜೆಗೆ ಅಣಿಯಾಗುತ್ತಿದ್ದೆವು. ಕಟ್ಟಿಗೆ ಹೊತ್ತು ಬಂದ ಮುದುಕನೊಬ್ಬ ಬಾಗಿಲಲ್ಲಿ ನಿಂತು, ಹಸಿವಾಗೈತಿ ಎಂದ. ಪೂಜೆ ಮುಗಿಯಲಿ, ಕುಳಿತಿರು ಎಂದೆವು. ಶ್ಲೋಕ ಒಂದೂ ತಪ್ಪಲಿಲ್ಲ, ಪತ್ರಿ ಒಂದೂ ಜಾರಲಿಲ್ಲ. ಹೊರಗೆ ಬಂದು ನೋಡಿದರೆ ಮುದುಕ ಇಲ್ಲ. ಊರ ಹೊರಗಿನತನಕ ಹುಡುಕಿದೆವು, ಸಿಗಲಿಲ್ಲ. ನಮ್ಮ ಗುರುಗಳು ಎಲ್ಲವನ್ನೂ ಕೇಳಿ, “ತಮ್ಮಾ, ಹಂಗಾರ ನೀ ಯಾರ ಪೂಜಾ ಮಾಡಿ ಬಂದಿ?” ಎಂದಷ್ಟೇ ಕೇಳಿದರು. ಆ ಪ್ರಶ್ನೆಗೆ ಆಗ ಉತ್ತರವಿರಲಿಲ್ಲ. ಇಂದಿಗೂ ಪ್ರಸಾದಕ್ಕೆ ಕುಳಿತಾಗ ಅದು ನೆನಪಾಗುತ್ತದೆ. ಹದಿನೆಂಟು ಸರ್ಗ ಬಲ್ಲವನಿಗೆ ಕಿರಾತನ ಗುರುತು ಹತ್ತಲಿಲ್ಲ.

ಕೊನೆಗೆ ಪಾಶುಪತಾಸ್ತ್ರ. ಅದನ್ನು ಕೊಡುವಾಗ ಶಿವನು ಒಂದು ಎಚ್ಚರಿಕೆಯನ್ನೂ ಕೊಟ್ಟನು. ದುಡುಕಿ ಅಲ್ಪಬಲದವನ ಮೇಲೆ ಪ್ರಯೋಗಿಸಿದರೆ ಜಗತ್ತೇ ಸುಟ್ಟುಹೋದೀತು ಎಂದನು. ಅಂದಮೇಲೆ ಕಿರಾತನ ಮುಂದೆ ಸೋತು ಬಾಗಿದವನಿಗೇ ಅದು ದೊರೆತದ್ದು ಯೋಗ್ಯವಾಗಿದೆ. ಬಲವನ್ನು ಪಡೆಯುವುದಕ್ಕೆ ತಪಸ್ಸು ಸಾಕು. ಪಡೆದ ಬಲವನ್ನು ತಡೆದು ಹಿಡಿಯುವುದಕ್ಕೆ ಭಕ್ತಿ ಬೇಕು. ಮನೆಯ ಯಜಮಾನನಿಗೂ, ಊರಿನ ಹಿರಿಯನಿಗೂ, ಮಠದಲ್ಲಿ ಕುಳಿತ ನಮಗೂ ಈ ಮಾತು ಸಲ್ಲುತ್ತದೆ.

ಆದುದರಿಂದ ಬೆಳೆ ಹೋಯಿತು, ಸಾಲ ಏರಿತು, ಮಗ ಮಾತು ಕೇಳನು ಎಂದು ಎದೆಗುಂದಬೇಡಿರಿ. ಬತ್ತಳಿಕೆ ಬರಿದಾದ ದಿನವೂ ಅಂಗೈಯಲ್ಲಿ ಲಿಂಗವಿದೆ. ಅದಕ್ಕೆ ಒಂದು ಹೂವು ಏರಿಸಿರಿ. ಆಮೇಲೆ ತಲೆಯೆತ್ತಿ, ಆ ಹೂವು ಯಾರ ಮುಡಿಯಲ್ಲಿದೆಯೆಂದು ನೋಡಿರಿ. ಅದು ನೀವು ಮಾತು ಬಿಟ್ಟ ದಾಯಾದಿಯ ಮುಡಿಯಲ್ಲಿದ್ದೀತು, ಬಾಗಿಲಿಗೆ ಬಂದ ಕೂಲಿಯವನ ಮುಡಿಯಲ್ಲಿದ್ದೀತು. ಅವನನ್ನು ಒಳಗೆ ಕರೆಯಿರಿ.

ನಿಮ್ಮೆಲ್ಲರಿಗೂ ಅಂಥ ಕಣ್ಣನ್ನೂ ಅಂಥ ಬಲವನ್ನೂ ಶಿವನು ಕರುಣಿಸಲೆಂದು ಹಾರೈಸಿ ನಮ್ಮ ಮಾತಿಗೆ ಮಂಗಳ ಹೇಳುತ್ತೇವೆ.